ಪ್ರಾರ್ಥನೆಯ ಪುಸ್ತಕಕ್ಕೆ ಕೆಂಪು ಶಾಯಿ ಏಕೆ?



ತಪಸ್ಸುಕಾಲ ಬಂದೊಡನೆ ನಮ್ಮಲ್ಲಿ ಕೆಲವು ಕಡೆ ಧರ್ಮೋಪದೇಶದ ಮಕ್ಕಳಿಗೆ ಒಂದೊಂದು ನೋಟುಪುಸ್ತಕವನ್ನಿತ್ತು, ದಿನವೂ ಪ್ರಾರ್ಥನೆಯನ್ನು ಬರೆದಿಡಿರೆಂದು ಹೇಳುವ ಪದ್ಧತಿಯಿದೆ. ಪದ್ಧತಿ ಒಳ್ಳೆಯದೇ, ನನ್ನ ತಕರಾರು ಅದರ ಮೇಲಲ್ಲ. ನಲವತ್ತು ದಿನಗಳ ತರುವಾಯ ಆ ಪುಸ್ತಕಗಳನ್ನು ಹಿಂದಕ್ಕೆ ಪಡೆದು, ಪುಟ ತಿರುವಿ, ಅಂಕ ಹಾಕಿ, ಪಾಸ್ಕ ಹಬ್ಬ ಮುಗಿದ ಮೇಲೆ ಬಹುಮಾನ ಹಂಚುತ್ತೇವಲ್ಲ, ಅದನ್ನು ಕೂಡಲೇ ನಿಲ್ಲಿಸಬೇಕೆಂಬುದು ನನ್ನ ವಾದ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಆರನೆಯ ತರಗತಿಯ ಮಕ್ಕಳಿಗೆ ಉಪದೇಶ ಮಾಡುತ್ತಿದ್ದಾಗ ವಾರಕ್ಕೊಮ್ಮೆ ಪುಸ್ತಕಗಳನ್ನು ತರಿಸಿ ಸಹಿ ಹಾಕುತ್ತಿದ್ದೆ. ಒಬ್ಬ ಹುಡುಗಿ ಮೊದಲ ವಾರ ತಂದೆಯ ಕುಡಿತದ ಬಗ್ಗೆ, ರಾತ್ರಿ ಅಮ್ಮ ಅಡುಗೆಮನೆಯಲ್ಲಿ ಅಳುವುದರ ಬಗ್ಗೆ ದೇವರಿಗೆ ಬರೆದಿದ್ದಳು. ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಉತ್ತಮ, ಮುಂದುವರಿಸು’ ಎಂದು ಬರೆದೆ. ಅಷ್ಟಕ್ಕೆ ಸುಮ್ಮನಿರದೆ, ಒಳ್ಳೆಯ ಮನಸ್ಸಿನಿಂದಲೇ, ಪೂಜೆಯ ಬಳಿಕ ಅವಳ ತಾಯಿಗೆ ಎರಡು ಸಾಂತ್ವನದ ಮಾತನ್ನೂ ಆಡಿದೆ. ಮುಂದಿನ ವಾರದಿಂದ ಆ ಪುಸ್ತಕದಲ್ಲಿ ಜಗದ್ಗುರುಗಳ ಆರೋಗ್ಯ, ಲೋಕಶಾಂತಿ, ದೈವಕರೆಗಳ ವೃದ್ಧಿ ಇಷ್ಟೇ ಇದ್ದವು. ಅಕ್ಷರ ಮಾತ್ರ ಇನ್ನಷ್ಟು ದುಂಡಾಗಿತ್ತು. ಆ ವರ್ಷದ ಮೊದಲ ಬಹುಮಾನ ಅವಳಿಗೇ ಬಂತು.

ನಾನು ಕೊಂದದ್ದೇನೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಅವಳು ಬರೆದದ್ದು ದೇವರಿಗೆ. ನಡುದಾರಿಯಲ್ಲಿ ಆ ಕಾಗದವನ್ನು ಒಡೆದು ಓದಿದವನು ನಾನು. ಪ್ರಾರ್ಥಿಸುವವನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಪ್ರಭುವೇ ಕಲಿಸಿದ್ದಾರೆ. ನಾವು ಆ ಬಾಗಿಲಿಗೆ ಕಿಂಡಿ ಕೊರೆದು, ಒಳಗಿರುವ ಮಗುವಿಗೆ ಹತ್ತಕ್ಕೆ ಎಂಟು ಅಂಕ ಕೊಡುತ್ತಿದ್ದೇವೆ.

ಇದು ಒಬ್ಬ ಉಪದೇಶಕನ ಅತಿಯಾದ ಸಂಕೋಚವೆಂದು ಭಾವಿಸಬೇಡಿ. ಧರ್ಮಸಭೆ ಈ ವಿಷಯವನ್ನು ಎಂದೋ ನಿರ್ಣಯಿಸಿದೆ. ಮಠಗಳ ಮೇಲಧಿಕಾರಿಗಳು ತಮ್ಮ ಅಧೀನದಲ್ಲಿದ್ದವರಿಂದ ಅಂತರಂಗದ ವಿಷಯಗಳನ್ನು ಹೊರಡಿಸಿಕೊಳ್ಳುವುದನ್ನು 1890ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋರವರ ಕಾಲದಲ್ಲಿ, ರೋಮ್ ನಿಷೇಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 630ನೆಯ ವಿಧಿಯೂ ಇದನ್ನೇ ಹೇಳುತ್ತದೆ: ತಾನಾಗಿ ಹೇಳಿಕೊಳ್ಳುವ ಸ್ವಾತಂತ್ರ್ಯ ಸದಸ್ಯರಿಗಿದೆ, ಹೇಳೆಂದು ಯಾವ ರೀತಿಯಲ್ಲೂ ಪ್ರೇರೇಪಿಸುವ ಅಧಿಕಾರ ಮೇಲಿನವರಿಗಿಲ್ಲ. ವಿಧೇಯತೆಯ ವ್ರತ ತೊಟ್ಟ ಭಗಿನಿಯ ಅಂತರಂಗಕ್ಕೆ ಇಷ್ಟು ರಕ್ಷಣೆಯಿರುವಾಗ, ಯಾವ ವ್ರತವನ್ನೂ ತೊಡದ ಹನ್ನೊಂದು ವರ್ಷದ ಮಗುವಿನ ಅಂತರಂಗವನ್ನು ಮೇಜಿನ ಮೇಲೆ ಹರಡಿಕೊಳ್ಳಲು ನಮಗೆ ಅನುಮತಿ ಕೊಟ್ಟವರಾರು?

ಹೀಗೆ ಬರೆದವರು ತಮ್ಮ ಬರಹವನ್ನು ಹೇಗೆ ಕಾಪಾಡಿಕೊಂಡರೆಂಬುದನ್ನೂ ನೋಡಿ. ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ 1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ತನಗಾದ ದೇವಾನುಭವವನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಒಳಪದರದಲ್ಲಿ ಹೊಲಿದುಕೊಂಡ. 1662ರಲ್ಲಿ ಅವನು ತೀರಿಕೊಂಡ ಮೇಲೆ ಸೇವಕನ ಕೈಗೆ ಅದು ಗಟ್ಟಿಯಾಗಿ ತಾಗಿದಾಗಲೇ ಲೋಕಕ್ಕೆ ತಿಳಿದದ್ದು. ಅಮೆರಿಕದ ಕಥೆಗಾರ್ತಿ ಫ್ಲಾನರಿ ಓ’ಕಾನರ್ ಅಯೋವಾದಲ್ಲಿ ಓದುತ್ತಿದ್ದಾಗ, 1946-47ರಲ್ಲಿ, ಒಂದು ಸಾಧಾರಣ ನೋಟುಪುಸ್ತಕದಲ್ಲಿ ದೇವರಿಗೆ ಪತ್ರಗಳಂತೆ ಪ್ರಾರ್ಥನೆಗಳನ್ನು ಬರೆದಳು. ಕೀರ್ತಿಯ ಆಸೆ, ಭಕ್ತಿಯ ಬರಡುತನ, ಕೊನೆಗೆ ಬಿಸ್ಕತ್ತಿನ ಮೇಲಿನ ಹೊಟ್ಟೆಬಾಕತನ ಎಲ್ಲವೂ ಅದರಲ್ಲಿದೆ. ಉಪದೇಶಕರ ಸಹಿಗೆ ಹೋಗುವ ಪುಸ್ತಕವಾಗಿದ್ದರೆ ಬಿಸ್ಕತ್ತಿನ ಮಾತು ಬರುತ್ತಿತ್ತೇ?

‘ಅವೆಲ್ಲ ಈಗ ಅಚ್ಚಾಗಿವೆಯಲ್ಲ, ನೀನೂ ಓದಿದ್ದೀಯಲ್ಲ’ ಎಂದು ನೀವು ಕೇಳಬಹುದು. ನಿಜ. ಓ’ಕಾನರಳ ಪುಸ್ತಕ ಪ್ರಕಟವಾದದ್ದು 2013ರಲ್ಲಿ, ಅವಳು ತೀರಿಹೋಗಿ ಅರ್ಧ ಶತಮಾನದ ಹತ್ತಿರವಾದಾಗ. ಅದನ್ನು ಓದುವಾಗ ನನಗೆ ಪೂರ್ತಿ ನೆಮ್ಮದಿಯೇನೂ ಇರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, 1895ರಲ್ಲಿ, ಆಧ್ಯಾತ್ಮಿಕ ದಿನಚರಿ ಆರಂಭಿಸಿದ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರಾದರೋ, ಅದರ ಪ್ರಕಟಣೆಗೆ ತಾವೇ ಒಪ್ಪಿಗೆ ಕೊಟ್ಟಿದ್ದರು. ತನ್ನ ಪುಸ್ತಕವನ್ನು ತೆರೆಯುವ ಹಕ್ಕು ಬರೆದವನದು.

ಇನ್ನೊಂದು ಆಕ್ಷೇಪಣೆ ಗಂಭೀರವಾದುದು. ಮಗು ಸಂಕಟದಲ್ಲಿದ್ದರೆ ನಮಗೆ ತಿಳಿಯಬೇಡವೇ? ಖಂಡಿತ ತಿಳಿಯಬೇಕು. ಆದರೆ ನನ್ನ ಅನುಭವ ನೋಡಿ: ನಾನು ಓದಿದೆ, ಅವಳು ಬಾಯಿ ಮುಚ್ಚಿದಳು. ಸಂಕಟದ ಮಗುವಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತು ಕೇಳುವ ಹಿರಿಯರು. ಮಗು ತಾನಾಗಿ ಪುಸ್ತಕವನ್ನು ತಂದು ನಿಮ್ಮ ಮುಂದೆ ತೆರೆದರೆ ಓದಿ, ಮಾಡಬೇಕಾದುದನ್ನು ತಡಮಾಡದೆ ಮಾಡಿ. ಅಲ್ಲಿಯವರೆಗೆ ಆ ಹೊದಿಕೆ ಮುಚ್ಚಿರಲಿ.

ಕೆಲವು ಅಚ್ಚಾದ ದಿನಚರಿಗಳಲ್ಲಿ ಬೇಡಿಕೆ, ದಿನಾಂಕ, ಈಡೇರಿದ ದಿನ ಎಂದು ಮೂರು ಅಂಕಣಗಳಿರುತ್ತವೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಅದು ಒಪ್ಪುತ್ತದೆ. ಗೆತ್ಸೆಮನಿ ತೋಪಿನಲ್ಲಿ ಆ ಪಾತ್ರೆ ತೊಲಗಲೆಂದು ಬೇಡಿದ ಪ್ರಭುವಿನ ಪ್ರಾರ್ಥನೆಯನ್ನು ಈ ಪಟ್ಟಿಯಲ್ಲಿ ಬರೆದರೆ ಮೂರನೆಯ ಅಂಕಣ ಖಾಲಿಯೇ ಉಳಿಯುತ್ತದೆ. ಎಂಬತ್ತೆಂಟನೆಯ ಕೀರ್ತನೆಯನ್ನು ಕೊನೆಯವರೆಗೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಬೈಬಲ್ ಅದನ್ನು ತಿದ್ದಲಿಲ್ಲ.

ಆದುದರಿಂದ ಉಪದೇಶಕ ಮಿತ್ರರೇ, ಮುಂದಿನ ತಪಸ್ಸುಕಾಲದಲ್ಲಿ ಪುಸ್ತಕ ಕೊಡಿ, ಹಿಂದಕ್ಕೆ ಕೇಳಬೇಡಿ. ಬಹುಮಾನವನ್ನು ಬೈಬಲ್ ರಸಪ್ರಶ್ನೆಗೆ ಇಟ್ಟುಕೊಳ್ಳಿ. ತಾಯ್ತಂದೆಯರೇ, ಶಾಲೆಯ ಚೀಲ ಜಾಲಾಡುವಾಗ ಆ ಒಂದು ಪುಸ್ತಕವನ್ನು ಬಿಟ್ಟುಬಿಡಿ. ಅದರ ಅಂದದ ಪುಟವನ್ನು ವಾಟ್ಸಾಪ್ ಗುಂಪಿಗೆ ಕಳಿಸಬೇಡಿ.

ನಮ್ಮ ಮನೆಯಲ್ಲಿ ಮಗಳ ಪುಸ್ತಕ ಪ್ರಾರ್ಥನೆಯ ಪೀಠದ ಕೆಳಗಿನ ಗೂಡಿನಲ್ಲಿದೆ. ಬೀಗ ಹಾಕಿಲ್ಲ. ಧೂಳು ಒರೆಸುವಾಗ ಅದನ್ನು ಎತ್ತಿ ಅಲ್ಲಿಯೇ ಇಡುತ್ತೇನೆ. ಪ್ರತಿ ಸಲವೂ ಕೈ ಒಂದು ಕ್ಷಣ ತಡೆಯುತ್ತದೆ.