ಲಿವರ್ ಪುಕ್ಕಟೆ ಮಾಡುವ ಕೆಲಸಕ್ಕೆ ಹಣ ಏಕೆ?

ನಮ್ಮ ಮನೆಗಳಲ್ಲಿ ಯಾರಾದರೂ ಮೊಣಕಾಲು ನೋವು, ಸುಸ್ತು ಎಂದರೆ ಸಾಕು, ಔಷಧ ಅಂಗಡಿಯಿಂದ ವಿಟಮಿನ್ ಡಿ ಬಂದುಬಿಡುತ್ತದೆ. ಈಗ ಅದರ ಪಕ್ಕದಲ್ಲೇ ‘ಕ್ಯಾಲ್ಸಿಫೆಡಿಯಾಲ್’ ಎಂಬ ಗುಳಿಗೆಯೂ ಸಿಗುತ್ತದೆ. ಇದು ಬೇಗ ಕೆಲಸ ಮಾಡುತ್ತದಂತೆ. ಆರೋಗ್ಯವಂತರು ಇದಕ್ಕೆ ಹಣ ಹಾಕಬೇಕೆ? ಬೇಡ ಎಂಬುದು ನನ್ನ ಅಭಿಪ್ರಾಯ.

ನಾನು ವಾಣಿಜ್ಯ ವಿಭಾಗದವಳು, ನಮ್ಮ ಲೆಕ್ಕಶಾಸ್ತ್ರದ ಮಾತಿನಲ್ಲೇ ಹೇಳುತ್ತೇನೆ. ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ ಡಿ3 ಕಚ್ಚಾ ವಸ್ತು. ಲಿವರ್ ಅದನ್ನು ಕ್ಯಾಲ್ಸಿಫೆಡಿಯಾಲ್ ಮಾಡುತ್ತದೆ. ಇದು ಅರೆಸಿದ್ಧ ಸರಕು. ಕಿಡ್ನಿ ಅದನ್ನು ಕ್ಯಾಲ್ಸಿಟ್ರಿಯಾಲ್ ಮಾಡುತ್ತದೆ. ಇದೇ ಸಿದ್ಧ ಸರಕು. ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳಲು ಇದು ಬೇಕು. ಆದರೆ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅಳೆಯುವುದು ನಡುವಿನ ಕ್ಯಾಲ್ಸಿಫೆಡಿಯಾಲನ್ನು. ಅದನ್ನೇ ನುಂಗಿದರೆ ರಿಪೋರ್ಟಿನ ಅಂಕಿ ಬೇಗ ಏರುವುದು ನಿಜ. ಅಂಕಿ ಏರಿದ ಮಾತ್ರಕ್ಕೆ ಮೂಳೆ ಗಟ್ಟಿಯಾಯಿತು ಎನ್ನಲಾಗದು.

ಅಮೆರಿಕದಲ್ಲಿ 50 ದಾಟಿದ 25,871 ಜನರ ಮೇಲೆ ‘ವೈಟಲ್’ ಎಂಬ ಅಧ್ಯಯನ ನಡೆಯಿತು. ಅರ್ಧ ಜನರಿಗೆ ದಿನಕ್ಕೆ 2,000 ಯೂನಿಟ್ ಡಿ3 ಕೊಟ್ಟರು. ಐದು ವರ್ಷ ಕಳೆದರೂ ಅವರಲ್ಲಿ ಮೂಳೆ ಮುರಿತ ಕಡಿಮೆಯಾಗಿರಲಿಲ್ಲ ಎಂದು 2022ರಲ್ಲಿ ಪ್ರಕಟವಾಯಿತು. ಅವರನ್ನು ಕೊರತೆ ನೋಡಿ ಆರಿಸಿರಲಿಲ್ಲ. ಅಂಥವರಿಗೆ ಸಾದಾ ಗುಳಿಗೆಯೇ ಲಾಭ ತರದಿದ್ದರೆ, ಅದರ ಮುಂದಿನ ರೂಪಕ್ಕೆ ಹಣ ಸುರಿಯುವುದು ಯಾವ ವ್ಯಾಪಾರ?

“ನಮ್ಮ ಹುಡುಗಿಯರಿಗೆ ಬಿಸಿಲೇ ತಾಗುವುದಿಲ್ಲ, ಕೊರತೆ ಇದ್ದೇ ಇರುತ್ತದೆ” ಎನ್ನುವವರಿದ್ದಾರೆ. ಅವರ ಮಾತಲ್ಲಿ ಹುರುಳಿದೆ. ಮನೆಯಿಂದ ಬಸ್ಸು, ಬಸ್ಸಿನಿಂದ ಕ್ಲಾಸು, ಹೊರಗೆ ಬುರ್ಖಾ. ಕಿಟಕಿಯ ಗಾಜು ಬೇಕಾದ ಕಿರಣವನ್ನೇ ತಡೆಯುತ್ತದೆ. ಆದರೂ ಕೊರತೆಗೆ ಸಾಮಾನ್ಯವಾಗಿ ಡಿ3 ಸಾಕು. ಲಿವರ್ ಸರಿಯಿದ್ದರೆ ಮುಂದಿನ ಕೆಲಸ ಪುಕ್ಕಟೆ. ಲಿವರ್ ಕಾಯಿಲೆಯವರಿಗೆ, ಕರುಳು ಕೊಬ್ಬನ್ನು ಸರಿಯಾಗಿ ಹೀರಿಕೊಳ್ಳದವರಿಗೆ ಕ್ಯಾಲ್ಸಿಫೆಡಿಯಾಲ್ ಉಪಯೋಗಕ್ಕೆ ಬರಬಹುದು. ಅದನ್ನು ವೈದ್ಯರು ನಿರ್ಧರಿಸಲಿ.

ಇನ್ನೊಂದು ಎಚ್ಚರಿಕೆ. ಭಾರತದಲ್ಲಿ ನಮ್ಮ ವಯಸ್ಸಿನವರಿಗೆ ಶಿಫಾರಸಾದ ಪ್ರಮಾಣ ದಿನಕ್ಕೆ 600 ಯೂನಿಟ್. 60,000 ಯೂನಿಟ್ಟಿನ ಒಂದು ಸ್ಯಾಶೆ ಎಂದರೆ ನೂರು ದಿನದ ಲೆಕ್ಕ! ವಾರಕ್ಕೊಂದು ಎಂದು ಬರೆದುಕೊಟ್ಟದ್ದನ್ನು ದಿನವೂ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿಯಾಗಬಹುದು, ಕಿಡ್ನಿ ಕೆಡಬಹುದು. ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಎಷ್ಟೋ ಅಮ್ಮಿಯರಿಗೆ ಬರುವುದು ಉರ್ದು ಮಾತ್ರ. ಓದಿ ಹೇಳುವ ಹೊಣೆ ನಮ್ಮದು.

ಆಡಳಿತ ಮಂಡಳಿಗೆ ಒಂದು ವಿನಂತಿ: ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಮಾಳಿಗೆಯ ಬೀಗ ತೆಗೆಸಿ, ಸುತ್ತ ಪರದೆ ಕಟ್ಟಿಸಿ, ಹುಡುಗಿಯರಿಗೆ ಬಿಟ್ಟುಕೊಡಿ. ಗುಳಿಗೆಗಿಂತ ಅಗ್ಗ.