ಹೆಬ್ಬೆಟ್ಟಿಗೂ ಬೀಗ ಬೇಕು

ಅರಕೆರೆ: ಒಂದು ಕಾಲದಲ್ಲಿ ಹೆಬ್ಬೆಟ್ಟು ಎಂದರೆ ಓದು ಬಾರದವರ ಸಹಿ. ಈಗ ಡಬಲ್ ಡಿಗ್ರಿ ಮಾಡಿದವನೂ ಹೆಬ್ಬೆಟ್ಟೇ! ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು, ಹೊಸ ಸಿಮ್ಮಿಗೆ ಹೆಬ್ಬೆಟ್ಟು, ಜಮೀನು ಕ್ರಯಕ್ಕೆ ಶ್ರೀರಂಗಪಟ್ಟಣಕ್ಕೆ ಹೋದರೆ ಅಲ್ಲೂ ಹೆಬ್ಬೆಟ್ಟು.

ಒತ್ತಿದ ಹೆಬ್ಬೆಟ್ಟು ಆಮೇಲೆ ಎಲ್ಲಿಗೆ ಹೋಗುತ್ತದೆ? 2023ರಲ್ಲಿ ಬೆಂಗಳೂರು, ಮಂಗಳೂರಿನ ಜನಕ್ಕೆ ಇದರ ಬಿಸಿ ತಟ್ಟಿತು. ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ ಹಣ ಮಾಯ! ಓಟಿಪಿ ಹೇಳಿರಲಿಲ್ಲ, ಕಾರ್ಡ್ ಕೊಟ್ಟಿರಲಿಲ್ಲ. ನೋಂದಣಿ ಪತ್ರದ ಪ್ರತಿಯಿಂದ ಬೆರಳಚ್ಚು, ಆಧಾರ್ ನಂಬರು ಎತ್ತಿ, ನಕಲಿ ಹೆಬ್ಬೆಟ್ಟು ಮಾಡಿ ಖದೀಮರು ದುಡ್ಡು ತೆಗೆದಿದ್ದರು ಎಂದು ಪೊಲೀಸರು ತಿಳಿಸಿದರು. ಆ ಬಳಿಕವಷ್ಟೇ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಚಲು ಮುಂದಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಬ್ಯಾಂಕಿಲ್ಲದ ಹಳ್ಳಿಯಲ್ಲಿ ಅಜ್ಜಿಗೂ ಪಿಂಚಣಿ ಸಿಗಲೆಂದು ಮಾಡಿದ ಏರ್ಪಾಡು ಇದು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಅದೇ ಕಳ್ಳನಿಗೂ ದಾರಿಯಾಯಿತು. ಬಾಗಿಲ ಬೀಗ ಕೆಟ್ಟರೆ ಹೊಸದು ತರಬಹುದು, ಬೆರಳು ಬದಲಿಸಲಾದೀತೇ?

ಅಮೆರಿಕದಲ್ಲಿ ತನ್ನ ಹೆಸರಲ್ಲಿ ಇನ್ನೊಬ್ಬ ಸಾಲ ಎತ್ತದಂತೆ ಸಾಲದ ದಾಖಲೆಗೇ ಬೀಗ ಹಾಕಿಸಬಹುದು. 2018ರಿಂದ ಅದು ಪುಕ್ಕಟೆ. ನಮ್ಮಲ್ಲಿ ಬಡವರ ಕೈಗೆಟಕುವ ಬೀಗ ಆಧಾರಿನ ಬಯೋಮೆಟ್ರಿಕ್ ಲಾಕ್. ಆಧಾರ್ ಆ್ಯಪಿನಲ್ಲಿ ಕಾಸು ಖರ್ಚಿಲ್ಲದೆ ಹಾಕಬಹುದು. ಆಧಾರಿಗೆ ಸೇರಿಸಿದ ಫೋನ್ ನಂಬರು ಚಾಲ್ತಿಯಲ್ಲಿರಬೇಕು, ಅಷ್ಟೆ. ರೇಷನ್ ತರುವ ದಿನ ಸ್ವಲ್ಪ ಹೊತ್ತು ಬೀಗ ತೆಗೆದರಾಯಿತು; ಇಲ್ಲವಾದರೆ ಹೆಬ್ಬೆಟ್ಟು ತಗೊಳ್ಳೋದಿಲ್ಲ.

ಈ ಬೀಗ ಸಾಲದ ಮೋಸವನ್ನೆಲ್ಲ ತಡೆಯದು. ಅದಕ್ಕೆ ಸಿಬಿಲ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ತರಿಸಿ, ಗೊತ್ತಿಲ್ಲದ ಸಾಲ ತಮ್ಮ ಹೆಸರಲ್ಲಿದೆಯೇ ಎಂದು ಅಂಗಡಿಯವರು ನೋಡಿಕೊಳ್ಳುವುದು ಒಳ್ಳೆಯದು. ಹಣ ಹೋದ ಮೆಸೇಜ್ ಬಂದರೆ ತಕ್ಷಣ ಬ್ಯಾಂಕಿಗೂ 1930ಕ್ಕೂ ತಿಳಿಸಬೇಕು. ನಾಳೆ ನೋಡೋಣ ಎಂದರೆ ದುಡ್ಡು ಊರು ದಾಟಿರುತ್ತದೆ.

ಆದರೆ ಆ್ಯಪೇ ಗೊತ್ತಿಲ್ಲದ, ಫೋನೇ ಇಲ್ಲದ ಅಜ್ಜಿ ಏನು ಮಾಡಬೇಕು? ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಚೇರಿಯೇ ಬೀಗ ಹಾಕುವುದನ್ನೂ ಹೇಳಿಕೊಡಲಿ. ನೋಂದಣಿ ಕಚೇರಿಯಲ್ಲಿ ಒಂದು ಬೋರ್ಡು, ಗ್ರಾಮ ಪಂಚಾಯ್ತಿಯಲ್ಲಿ ತಿಂಗಳಿಗೊಂದು ದಿನ ನೆರವು: ಇಷ್ಟಕ್ಕೆ ಯಾವ ಬಜೆಟ್ಟೂ ಬೇಕಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡೀತೇ?