ಆಳೇ ಒಡೆಯನಾದ ಅಂಗಡಿ

“ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯನ್ನು ಕೇಳದ ಗೃಹಸ್ಥರು ನಮ್ಮಲ್ಲಿ ವಿರಳ. ಬೇಸಾಯಗಾರನಿಂದ ಜವಳಿ ವರ್ತಕನವರೆಗೆ ಅನೇಕರು ಇದನ್ನು ನಂಬಿಯೇ ನಡೆಯುವರು. ಆದರೆ ಆಳು ಮಾಡಿದ್ದು ಹಾಳಾಗುವುದು ಆಳಿನ ದೋಷದಿಂದಲೋ ಒಡೆಯನ ದೋಷದಿಂದಲೋ ಎಂದು ವಿಚಾರಿಸಿದವರು ಕಡಮೆ. ಮೋಟಾರು ಗಾಡಿಗಳಿಗೆ ಟೈರು ಮಾರುವ ವೃತ್ತಿಯಲ್ಲಿದ್ದ ಅಮೆರಿಕದ ವರ್ತಕನೊಬ್ಬನು ಈ ಪ್ರಶ್ನೆಗೆ ತನ್ನ ನಡತೆಯಿಂದ ಕೊಟ್ಟ ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆತನ ಹೆಸರು ಲೆಸ್ ಶ್ವಾಬ್. ಅಮೆರಿಕದ ಪಶ್ಚಿಮ ಭಾಗದ ಆರಿಗನ್ ಸಂಸ್ಥಾನದಲ್ಲಿ, ಬೆಂಡ್ ಎಂಬ ಊರಿನಲ್ಲಿ, 1917ರಲ್ಲಿ ಹುಟ್ಟಿದನು. ಮರ ಕಡಿಯುವವರ ಬಿಡಾರದಲ್ಲಿ ಬಾಲ್ಯವು ಕಳೆಯಿತು. ಓದಿದ ಶಾಲೆಯು ರೈಲಿನ ಸರಕು ಡಬ್ಬಿಗಳಲ್ಲಿ ನಡೆಯುತ್ತಿತ್ತು. ಹದಿಹರೆಯದಲ್ಲಿಯೇ ತಾಯಿಯೂ ತಂದೆಯೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನಾಥನಾದ ಹುಡುಗನು ಮನೆಮನೆಗೆ ವೃತ್ತಪತ್ರಿಕೆ ಹಂಚಿ ಹೊಟ್ಟೆ ಹೊರೆದನು. ಬೈಸಿಕಲ್ಲು ಕೊಳ್ಳುವಷ್ಟು ಹಣ ಸೇರುವವರೆಗೆ ಓಡಿಕೊಂಡೇ ಹಂಚಿದನಂತೆ. ಮುಂದೆ ಪತ್ರಿಕೆಯೊಂದರಲ್ಲಿ ವಿತರಣೆಯ ಮೇಲ್ವಿಚಾರಕನಾದನು.

1952ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಆತನು ಪ್ರೈನ್‌ವಿಲ್ ಎಂಬ ಸಣ್ಣ ಊರಿನ ಟೈರಿನ ಅಂಗಡಿಯೊಂದನ್ನು ಕೊಂಡನು. ಇದ್ದ ಮನೆಯನ್ನು ಮಾರಿದನು. ಜೀವವಿಮೆಯ ಮೇಲೆ ಸಾಲ ತೆಗೆದನು. ಬಂಧುವಿನಿಂದ ಕೈಗಡ ತಂದನು. ಅದುವರೆಗೆ ಆತನು ತೂತಾದ ಒಂದು ಟೈರನ್ನಾದರೂ ಸರಿಪಡಿಸಿದವನಲ್ಲ! ಅಂಗಡಿಯಾದರೋ ನಲ್ಲಿಯ ನೀರೂ ಇಲ್ಲದ ಗುಡಿಸಿಲು. ಅದರಲ್ಲಿ ವರುಷಕ್ಕೆ 32,000 ಡಾಲರಿನಷ್ಟಿದ್ದ ವ್ಯಾಪಾರವು ಆತನ ಕೈಗೆ ಬಂದ ಮೊದಲ ವರುಷದಲ್ಲಿಯೇ 1,50,000 ಡಾಲರಿಗೆ ಏರಿತು.

ಒಂದು ಅಂಗಡಿಯನ್ನು ಒಡೆಯನೇ ನಿಂತು ನೋಡಿಕೊಳ್ಳಬಹುದು. ಎರಡನೆಯದನ್ನು ತೆರೆದಾಗ ಏನು ಗತಿ? ಗಾದೆಯ ಪರೀಕ್ಷೆ ಇಲ್ಲಿಂದ ಮೊದಲಾಗುವುದು. ನೆರೆಯ ರೆಡ್ಮಂಡ್ ಊರಿನಲ್ಲಿ ಅಂಗಡಿ ತೆರೆದಾಗ ಶ್ವಾಬನು ಕಾವಲುಗಾರನನ್ನು ಹುಡುಕಲಿಲ್ಲ; ಅದನ್ನು ನಡೆಸುವವನಿಗೆ ಲಾಭದಲ್ಲಿ ಅರ್ಧ ಪಾಲನ್ನು ಕೊಟ್ಟನು. ಮುಂದೆ ಇದೇ ಕ್ರಮವು ಬೆಳೆದು, ಅಂಗಡಿಯ ಲಾಭದ ಅರ್ಧವು ಅಲ್ಲಿ ದುಡಿಯುವವರಿಗೆ ಸಲ್ಲುವಂತಾಯಿತು. ವ್ಯವಸ್ಥಾಪಕರನ್ನು ಹೊರಗಿನಿಂದ ಕರೆತರುವ ಪದ್ಧತಿಯೂ ಇರಲಿಲ್ಲ. ಕೈಗೆ ಮಸಿ ಹಚ್ಚಿಕೊಂಡು ಟೈರು ಬದಲಿಸಿದವನೇ ಕ್ರಮೇಣ ಅಂಗಡಿಯ ಯಜಮಾನಿಕೆಗೆ ಏರುವನು.

ಇದರ ಫಲವನ್ನು ಗಿರಾಕಿಗಳು ಬಾಗಿಲಲ್ಲಿಯೇ ಕಂಡರು. ಗಾಡಿಯು ಬಂದು ನಿಲ್ಲುತ್ತಲೇ ಕೆಲಸಗಾರರು ಅದರ ಬಳಿಗೆ ಓಡಿಬರುವುದು ಈ ಅಂಗಡಿಗಳ ಗುರುತಾಯಿತು. ತೂತಾದ ಟೈರನ್ನು ಬಿಟ್ಟಿಯಾಗಿ ಸರಿಪಡಿಸಿಕೊಡುವ ವಾಡಿಕೆಯೂ ಹೆಸರಾಯಿತು. ಸಂಬಳಕ್ಕಾಗಿ ಮಾತ್ರ ದುಡಿಯುವವನು ಬಿಟ್ಟಿ ಕೆಲಸಕ್ಕೆ ಮುಖ ಸಿಂಡರಿಸುವನು. ಪಾಲುಗಾರನು ಹಾಗಲ್ಲ; ಇಂದು ಉಪಕಾರ ಪಡೆದವನು ನಾಳೆ ನಾಲ್ಕು ಟೈರು ಕೊಳ್ಳಲು ತನ್ನಲ್ಲಿಗೇ ಬರುವನೆಂದು ಅವನು ಬಲ್ಲನು.

1971ರಲ್ಲಿ ಶ್ವಾಬನ ಮಗನು ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಪುತ್ರಶೋಕವನ್ನು ಹೊತ್ತೂ ಆತನು ಉದ್ಯಮವನ್ನು ಬೆಳೆಸಿದನು. 2007ರಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ, ಆತನು ಕಾಲವಾದಾಗ ಪಶ್ಚಿಮದ ಸಂಸ್ಥಾನಗಳಲ್ಲಿ ಅಂಗಡಿಗಳ ಸಂಖ್ಯೆ 400ನ್ನು ಮೀರಿತ್ತು.

ಹೊಗಳಿಕೆಯೊಂದನ್ನೇ ಬರೆದರೆ ಚರಿತ್ರೆ ಪೂರ್ಣವಾಗದು. ಕೆಳಗಿನಿಂದಲೇ ಏರಬೇಕೆಂಬ ನಿಯಮವು ಒಳ್ಳೆಯದೇ. ಆದರೆ ಕೆಳಗಿನ ಮೆಟ್ಟಿಲಿಗೇ ಕಾಲಿಡಗೊಡದಿದ್ದರೆ? ಟೈರು ಮಾರುವ ಮತ್ತು ಬದಲಿಸುವ ಕೆಲಸಗಳಿಗೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿಲ್ಲ, ಆದುದರಿಂದ ಅವರಿಗೆ ಮೇಲಿನ ಸ್ಥಾನಗಳೂ ದೊರೆಯುತ್ತಿಲ್ಲ ಎಂದು, ಉದ್ಯೋಗದಲ್ಲಿ ಸಮಾನಾವಕಾಶವನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಆಯೋಗವು ಮೊಕದ್ದಮೆ ಹೂಡಿತು. ಕಂಪೆನಿಯು 2010ರಲ್ಲಿ 20 ಲಕ್ಷ ಡಾಲರು ತೆರಲು ಒಪ್ಪಿ ವ್ಯಾಜ್ಯವನ್ನು ಮುಗಿಸಿಕೊಂಡಿತು. ಪಂಕ್ತಿಯಲ್ಲಿ ಎಷ್ಟು ಉದಾರವಾಗಿ ಬಡಿಸಿದರೇನು? ಬಾಗಿಲಲ್ಲಿ ನಿಂತವರಿಗೆ ಎಲೆಯನ್ನೇ ಹಾಕದಿದ್ದರೆ ಆ ಔದಾರ್ಯಕ್ಕೆ ಕೊರತೆಯೇ ಸರಿ.

2020ರಲ್ಲಿ ಶ್ವಾಬನ ಕುಟುಂಬವು ಕಂಪೆನಿಯನ್ನು ಹಣ ಹೂಡುವ ಸಂಸ್ಥೆಯೊಂದಕ್ಕೆ ಮಾರಿತು. ಆ ಹೊತ್ತಿಗೆ ಅಂಗಡಿಗಳು ಸುಮಾರು 500 ಆಗಿದ್ದವು. ಒಡೆತನವು ಕೈ ಬದಲಾಯಿಸಬಹುದು. ಅದು ವ್ಯಾಪಾರದ ಧರ್ಮ. ಆದರೆ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದ ಈ ಪ್ರಯೋಗದ ಪಾಠವನ್ನು ಯಾರೂ ಮಾರಲಾರರು, ಕೊಳ್ಳಲೂ ಆರರು.

ಹೊಲಕ್ಕೆ ಆಳನ್ನಿಡುವ, ಅಂಗಡಿಗೆ ಹುಡುಗನನ್ನು ನೇಮಿಸುವ ನಮ್ಮ ಗೃಹಸ್ಥರು ಗಾದೆಯನ್ನು ಇನ್ನೊಮ್ಮೆ ಹೇಳಿಕೊಂಡು ನೋಡಲಿ. ತಾನು ಮಾಡಿದ್ದು ಉತ್ತಮವೆಂಬುದು ದಿಟ. ಆಳಿಗೂ ಅದು ‘ತನ್ನದು’ ಎನ್ನಿಸುವಂತೆ ಮಾಡುವುದು ಒಡೆಯನ ಕೈಯಲ್ಲಿದೆ.